‘ತಂದೆ ಏನು ಮಾಡುತ್ತಾರೆ?’ ಎಂಬಲ್ಲಿ ನಿಂತುಹೋಗುವ ಮಾತು

ಸುಮಾಳಿಗೆ 23 ವರ್ಷ. (ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರನ್ನೂ ಗುರುತು ಸಿಗುವಂಥ ಕೆಲವು ವಿವರಗಳನ್ನೂ ಬದಲಿಸಿದ್ದೇನೆ.) ಹಾವೇರಿ ಜಿಲ್ಲೆಯ ಹಳ್ಳಿಯೊಂದರ ಹುಡುಗಿ. ಹತ್ತನೆಯ ತರಗತಿಯವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮ. ಪಿಯುಸಿ ವಿಜ್ಞಾನದಲ್ಲಿ ಎಲ್ಲವೂ ಏಕಾಏಕಿ ಇಂಗ್ಲಿಷ್ ಆದಾಗ ಒಂದಷ್ಟು ತಿಂಗಳು ತಡಬಡಾಯಿಸಿ, ಆಮೇಲೆ ಸುಧಾರಿಸಿಕೊಂಡಳು. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿದಳು. ಔಷಧ ಕಂಪನಿಗಳ ಗುಣಮಟ್ಟ ಪರೀಕ್ಷಾ ವಿಭಾಗದಲ್ಲಿ ಕೆಲಸ ಹುಡುಕುತ್ತಿದ್ದಳು. ಲಿಖಿತ ಪರೀಕ್ಷೆಗಳಲ್ಲಿ ತೊಂದರೆ ಇರಲಿಲ್ಲ. ಸಂದರ್ಶನದ ಕೋಣೆಯಲ್ಲಿ ‘ನಿಮ್ಮ ಬಗ್ಗೆ ಹೇಳಿ’ ಎಂದರೆ ಸಾಕು, ಗಂಟಲು ಒಣಗುತ್ತಿತ್ತು, ಅಂಗೈ ಬೆವರುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು. ಕೊನೆಯ ಸಂದರ್ಶನದಲ್ಲಿ ಕ್ಷಮೆ ಕೇಳಿ ಅರ್ಧದಲ್ಲೇ ಎದ್ದು ಬಂದಿದ್ದಳು. ಆಮೇಲೆ ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದಳು.

‘ನನಗೆ ಧೈರ್ಯ ಇಲ್ಲ ಮೇಡಂ, ಇಂಗ್ಲಿಷ್ ಸರಿಯಿಲ್ಲ’ ಎಂಬುದು ಅವಳೇ ಕಂಡುಕೊಂಡಿದ್ದ ಕಾರಣ. ಮೊದಲು ವೈದ್ಯರ ಬಳಿ ಕಳಿಸಿದೆ. ಈ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಎದೆಬಡಿತಕ್ಕೆ ರಕ್ತಹೀನತೆಯೋ ಥೈರಾಯ್ಡ್ ತೊಂದರೆಯೋ ಕಾರಣವಾಗಿರಬಹುದು. ಅದನ್ನು ನೋಡದೆ ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಬಾರದು. ಹಿಮೋಗ್ಲೋಬಿನ್ ತುಸು ಕಡಿಮೆಯಿತ್ತು, ಕಬ್ಬಿಣಾಂಶದ ಮಾತ್ರೆ ಶುರುವಾಯಿತು. ಉಳಿದದ್ದೆಲ್ಲ ಸರಿಯಿತ್ತು.

ಆಮೇಲೆ, ಸಂದರ್ಶನದಲ್ಲಿ ಹೇಳುವ ಪರಿಚಯವನ್ನೇ ನನ್ನೆದುರು ಹೇಳಲು ಕೇಳಿದೆ. ಬಾಯಿಪಾಠ ಮಾಡಿದ್ದಳು. ಹೆಸರು, ಊರು, ಓದು, ಅಂಕಗಳು ಸರಾಗವಾಗಿ ಬಂದವು. ಇಂಗ್ಲಿಷ್ ಚೆನ್ನಾಗಿಯೇ ಇತ್ತು. ‘ನನ್ನ ತಂದೆ’ ಎಂಬಲ್ಲಿಗೆ ಬಂದು ಮಾತು ನಿಂತಿತು. ಸಂದರ್ಶನಗಳಲ್ಲೂ ಅಲ್ಲಿಯೇ ನಿಲ್ಲುತ್ತಿತ್ತೇ ಎಂದು ಕೇಳಿದೆ. ಹೌದೆಂದು ತಲೆಯಾಡಿಸಿದಳು.

ಸುಮಾ ಒಂಬತ್ತು ವರ್ಷದವಳಿದ್ದಾಗ ತಂದೆ ಮನೆ ಬಿಟ್ಟರು. ದೂರವೇನೂ ಹೋಗಿಲ್ಲ, ಪಕ್ಕದ ತಾಲ್ಲೂಕಿನಲ್ಲಿ ಇನ್ನೊಂದು ಸಂಸಾರ ಹೂಡಿದ್ದಾರೆ. ತಾಯಿ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ಅವರಿಗೆ ಸಿಗುವುದು ಗೌರವಧನ, ಸಂಬಳವಲ್ಲ. ಅದರಲ್ಲಿ ಎರಡು ಮಕ್ಕಳ ಮನೆ ನಡೆಯುವುದಿಲ್ಲ. ಬೇಸಿಗೆ ರಜೆಯಲ್ಲಿ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿ ಮಾಡಿ, ಕೈ ಉರಿಯುತ್ತಿದ್ದರೂ ರಾತ್ರಿ ಮಕ್ಕಳಿಗೆ ರೊಟ್ಟಿ ತಟ್ಟಿದವರು. ಮಗಳು, ಮಗ ಇಬ್ಬರನ್ನೂ ಓದಿಸಿದವರು.

ಡಿಗ್ರಿಗೆ ಸೇರಿ ಹಾಸ್ಟೆಲ್‌ಗೆ ಬಂದ ಮೊದಲ ಸಂಜೆ ಕೋಣೆಯ ಹುಡುಗಿಯರೆಲ್ಲ ತಮ್ಮ ತಮ್ಮ ಪರಿಚಯ ಹೇಳಿಕೊಂಡರು. ಸರದಿ ತನಗೆ ಬಂದಾಗ ಸುಮಾ ‘ಅಪ್ಪ ತೀರಿಕೊಂಡಿದ್ದಾರೆ’ ಎಂದುಬಿಟ್ಟಳು. ಒಬ್ಬಳು ಕೈ ಹಿಡಿದುಕೊಂಡಳು. ಮತ್ತೆ ಯಾರೂ ಏನೂ ಕೇಳಲಿಲ್ಲ. ಆದರೆ ಆ ಸುಳ್ಳನ್ನು ಮೂರು ವರ್ಷ ಕಾಯಬೇಕಾಯಿತು. ಅವ್ವನ ಕೊರಳಲ್ಲಿ ತಾಳಿಯಿದೆ, ಹಣೆಯಲ್ಲಿ ಕುಂಕುಮವಿದೆ. ಅವ್ವ ಹಾಸ್ಟೆಲ್‌ಗೆ ಬಂದರೆ ಎಲ್ಲ ಬಯಲಾಗುತ್ತದೆ. ಅದಕ್ಕಾಗಿ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಬಸ್ ನಿಲ್ದಾಣದಲ್ಲೇ ಇಸಿದುಕೊಂಡು ಅವ್ವನನ್ನು ಅಲ್ಲಿಂದಲೇ ಊರಿಗೆ ಹತ್ತಿಸುತ್ತಿದ್ದಳು. ವಾರ್ಷಿಕೋತ್ಸವದಲ್ಲಿ ರಸಾಯನಶಾಸ್ತ್ರದ ಬಹುಮಾನ ಬಂದಾಗಲೂ ಅವ್ವನನ್ನು ಕರೆಯಲಿಲ್ಲ. ತಂದೆಯ ವಿಷಯವನ್ನು ಕಣ್ಣಲ್ಲಿ ನೀರಿಲ್ಲದೆ ಹೇಳಿದವಳು ಇದನ್ನು ಹೇಳುವಾಗ ಬಿಕ್ಕಿ ಬಿಕ್ಕಿ ಅತ್ತಳು. ಈಗ ಕೆಲಸಕ್ಕೆ ಶಿಫಾರಸು ಮಾಡುತ್ತಿದ್ದವಳೂ ಅದೇ ಹಾಸ್ಟೆಲ್ ಗೆಳತಿ. ಸಂದರ್ಶನದಲ್ಲಿ ನಿಜ ಹೇಳಿದರೆ ಗೆಳತಿಯ ಮುಂದೆ ಸುಳ್ಳಿಯಾಗುತ್ತಾಳೆ, ಸುಳ್ಳು ಹೇಳಿದರೆ ಅವ್ವನನ್ನು ಮತ್ತೊಮ್ಮೆ ವಿಧವೆ ಮಾಡಿದಂತಾಗುತ್ತದೆ. ಈ ಇಕ್ಕಟ್ಟನ್ನು ಹೊತ್ತು ಕುಳಿತವಳಿಗೆ ಧೈರ್ಯದ ಪಾಠ ಹೇಳಿ ಏನು ಪ್ರಯೋಜನ?

ಹುಡುಗಿಯೊಬ್ಬಳ ಪರಿಚಯ ಕೇಳುವ ನೆಪದಲ್ಲಿ ಮೊದಲು ತಂದೆಯ ಉದ್ಯೋಗ ಕೇಳುವ ನಮ್ಮ ರೂಢಿಯ ಮೇಲೆ ನನಗೆ ಸಿಟ್ಟಿದೆ. ಆ ಮಾಹಿತಿಗೂ ಪ್ರಯೋಗಾಲಯದ ಕೆಲಸಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ರೂಢಿ ಬದಲಾಗುವವರೆಗೆ ಸುಮಾ ಕಾಯಲಾಗದು. ಹದಿನೆಂಟರಲ್ಲಿ ಆಡಿದ ಆ ಮಾತು ತನ್ನನ್ನು ಕಾಪಾಡಿಕೊಳ್ಳಲು ಆಡಿದ ಮಾತು, ಅದಕ್ಕಾಗಿ ತನ್ನನ್ನು ಶಪಿಸಿಕೊಳ್ಳಬೇಕಿಲ್ಲ ಎಂದು ಅವಳಿಗೆ ಹೇಳಿದೆ. ಈಗ ಅದು ಕಾಪಾಡುತ್ತಿಲ್ಲ, ಕಾಡುತ್ತಿದೆ, ಇಳಿಸಬೇಕು.

ಭಯ ಬೆಳೆದ ಬಗೆಯನ್ನೂ ಬಿಡಿಸಿ ಹೇಳಿದೆ. ಕೋಣೆಯಿಂದ ಎದ್ದು ಬಂದಾಗ ಎದೆ ಹಗುರಾಗುತ್ತದೆ. ಆ ಹಗುರವೇ, ಓಡಿ ಬಂದದ್ದು ಒಳ್ಳೆಯದಾಯಿತು ಎಂದು ಮನಸ್ಸಿಗೆ ಕಲಿಸುತ್ತದೆ. ಮುಂದಿನ ಸಲ ಭಯ ಇನ್ನೂ ಬೇಗ ಬರುತ್ತದೆ. ಇದನ್ನು ಮುರಿಯಲು ಅದೇ ಪ್ರಶ್ನೆಯ ಮುಂದೆ ಸ್ವಲ್ಪ ಸ್ವಲ್ಪವಾಗಿ ಕುಳಿತು ರೂಢಿಯಾಗಬೇಕು: ಮೊದಲು ಕನ್ನಡಿಯ ಮುಂದೆ, ಆಮೇಲೆ ನನ್ನೆದುರು, ಆಮೇಲೆ ಪರಿಚಯವಿಲ್ಲದ ನನ್ನ ಸಹೋದ್ಯೋಗಿಗಳ ಎದುರು. ಎದೆ ಬಡಿದರೆ ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡಬೇಕು, ಆದರೆ ಕುರ್ಚಿ ಬಿಟ್ಟು ಏಳಬಾರದು.

ಪರಿಚಯವನ್ನೂ ಹೊಸದಾಗಿ ಕಟ್ಟಿದೆವು. ಪ್ರಯೋಗಾಲಯದಲ್ಲಿ ತನಗೆ ಇಷ್ಟವಾದದ್ದನ್ನು ಹೇಳಲು ಕೇಳಿದೆ. ಅನುಮಾಪನದ (ಟೈಟ್ರೇಷನ್, ಅಂದರೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಅಳೆದು ಬಿಟ್ಟು ಅದರ ಪ್ರಬಲತೆ ಕಂಡುಹಿಡಿಯುವ ವಿಧಾನ) ಬಗ್ಗೆ ಶುರು ಮಾಡಿದಳು. ಬ್ಯುರೆಟ್ ಎಂಬ ಅಳತೆಯ ಗಾಜಿನ ಕೊಳವೆಯಿಂದ ಕೊನೆಗೆ ಹನಿ ಹನಿಯಾಗಿ ಬಿಡಬೇಕು, ಬಣ್ಣ ಬದಲಿಸಿ ಸೂಚನೆ ಕೊಡುವ ಫಿನಾಲ್ಫ್‌ಥಲೀನ್ ತಿಳಿಗುಲಾಬಿಗೆ ತಿರುಗಿ ಅರ್ಧ ನಿಮಿಷ ನಿಲ್ಲಬೇಕು, ಗಾಢ ಗುಲಾಬಿಯಾದರೆ ಒಂದು ಹನಿ ಹೆಚ್ಚಾಯಿತೆಂದೇ ಅರ್ಥ, ಮತ್ತೆ ಮೊದಲಿಂದ ಮಾಡಬೇಕು. ಗೆಳತಿಯರು ಹೆಚ್ಚಾದ ಹನಿಯನ್ನು ಲೆಕ್ಕದಲ್ಲಿ ಮುಚ್ಚಿಬಿಡುತ್ತಿದ್ದರು, ತಾನು ಮಾತ್ರ ಮತ್ತೆ ಮಾಡುತ್ತಿದ್ದೆ ಎಂದಳು. ಗುಣಮಟ್ಟ ಪರೀಕ್ಷೆಯ ಕೆಲಸಕ್ಕೆ ಬೇಕಾದ ಗುಣ ಇದೇ ಅಲ್ಲವೇ? ಅದನ್ನೇ ಪರಿಚಯದ ಮುಂಭಾಗಕ್ಕೆ ತಂದೆವು. ಕುಟುಂಬದ ಬಗ್ಗೆ ಒಂದೇ ವಾಕ್ಯ: ‘ನಮ್ಮ ತಾಯಿ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ತಯಾರಿಸುತ್ತಾರೆ, ನನ್ನನ್ನೂ ತಮ್ಮನನ್ನೂ ಅವರೇ ಓದಿಸಿದ್ದಾರೆ.’ ತಂದೆಯ ಬಗ್ಗೆ ಕೇಳಿದರೆ, ‘ಅವರು ನಮ್ಮೊಂದಿಗೆ ವಾಸವಾಗಿಲ್ಲ.’ ಅಷ್ಟೇ. ಅದಕ್ಕಿಂತ ಹೆಚ್ಚು ತಿಳಿಯುವ ಹಕ್ಕು ಸಂದರ್ಶಕರಿಗಿಲ್ಲ, ವಿವರಿಸುವ ಹೊಣೆ ಅವಳಿಗಿಲ್ಲ.

ಅರ್ಜಿ ನಮೂನೆಗಳಲ್ಲಿ ತಂದೆಯ ಹೆಸರಿನ ಖಾನೆ ಕಂಡರೂ ಅವಳ ಕೈ ನಡುಗುತ್ತಿತ್ತು. ತಾಯಿಯೊಬ್ಬರೇ ಬೆಳೆಸಿದ ಮಕ್ಕಳೆಲ್ಲ ತಿಳಿದಿರಬೇಕಾದ ಎರಡು ವಿಷಯಗಳನ್ನು ಆಗ ಹೇಳಿದೆ. 2016ರ ಡಿಸೆಂಬರ್‌ನಲ್ಲಿ ಬಂದ ಬದಲಾವಣೆಯಂತೆ ಪಾಸ್‌ಪೋರ್ಟ್ ಅರ್ಜಿಯಲ್ಲಿ ತಂದೆ, ತಾಯಿಯರಲ್ಲಿ ಒಬ್ಬರ ಹೆಸರು ಕೊಟ್ಟರೆ ಸಾಕು. ತಾಯಿಯೊಬ್ಬರೇ ಪೋಷಕರಾಗಿದ್ದರೆ ಪ್ಯಾನ್ ಕಾರ್ಡಿಗೂ ತಂದೆಯ ಹೆಸರು ಕಡ್ಡಾಯವಲ್ಲ. 2018ರ ಡಿಸೆಂಬರ್ 5ರಿಂದ ಇದು ಜಾರಿಯಲ್ಲಿದೆ. ಸುಮಾಳ ಬಳಿ ಇವೆರಡೂ ಇನ್ನೂ ಇರಲಿಲ್ಲ. ತಂದೆಯ ಹೆಸರಿನ ಬದಲು ತಾಯಿಯ ಹೆಸರನ್ನೇ ಕೊಟ್ಟು ಪ್ಯಾನ್‌ಗೆ ಅರ್ಜಿ ಹಾಕಿದಳು.

ಎಲ್ಲಕ್ಕಿಂತ ಕಷ್ಟವಾದದ್ದು ಅವ್ವನೊಂದಿಗಿನ ಮಾತು. ಅವಳ ಕೋರಿಕೆಯಂತೆ ಅದು ನನ್ನ ಕೋಣೆಯಲ್ಲೇ ನಡೆಯಿತು. ಮಗಳು ತಡವರಿಸುತ್ತ ಎಲ್ಲ ಹೇಳಿ ಮುಗಿಸಿದಳು. ತಾಯಿಗೆ ಸಂಗತಿ ಮೊದಲೇ ಗೊತ್ತಿತ್ತು. ಒಮ್ಮೆ ವಾರ್ಡನ್ ಫೋನಿನಲ್ಲಿ ‘ಯಜಮಾನರು ಹೋದ ಮೇಲೂ ಇಷ್ಟು ಚೆನ್ನಾಗಿ ಓದಿಸುತ್ತಿದ್ದೀರಿ’ ಎಂದಿದ್ದರಂತೆ. ಆಗಲೇ ತಿಳಿದು, ಮಗಳ ಮಾತು ಕೆಡಬಾರದೆಂದು ಸುಮ್ಮನಿದ್ದರಂತೆ. ‘ಅವಳಿಗೆ ನನ್ನ ಸೀರೆ, ನನ್ನ ಕೆಲಸ ನಾಚಿಕೆ ಅನ್ನಿಸಿರಬೇಕು ಅಂದುಕೊಂಡಿದ್ದೆ ಮೇಡಂ. ಅದೊಂದೇ ನನಗೆ ಸಂಕಟವಾಗಿತ್ತು’ ಎಂದರು. ಮಗಳು ಬೆಚ್ಚಿಬಿದ್ದಳು. ಅವ್ವ ಅದನ್ನೂ ಒಳಗಿಟ್ಟುಕೊಂಡಿದ್ದಾರೆಂದು ಅವಳಿಗೆ ಹೊಳೆದೇ ಇರಲಿಲ್ಲ. ನಾನು ನಡುವೆ ಮಾತನಾಡಲಿಲ್ಲ.

ಗೆಳತಿಗೆ ಸುಮಾ ತಾನೇ ಹೇಳಿದಳು. ಗೆಳತಿ ನೊಂದು ಕೆಲವು ದಿನ ಮಾತು ಬಿಟ್ಟಳು, ಆಮೇಲೆ ತಾನಾಗಿ ಫೋನ್ ಮಾಡಿದಳು. ಹಾಸ್ಟೆಲ್‌ನ ಉಳಿದವರಿಗೆಲ್ಲ ಹೇಳಿಕೊಂಡು ತಿರುಗಬೇಕಿಲ್ಲ ಎಂಬುದು ನನ್ನ ಸಲಹೆ. ಎದುರಾಗುವ ಸಂದರ್ಭ ಬಂದರೆ ಹೇಳಿದರಾಯಿತು. ಮುಂದಿನ ಸಂದರ್ಶನದಲ್ಲಿ ಎದೆ ಬಡಿಯಿತಂತೆ, ಆದರೆ ಕುರ್ಚಿ ಬಿಡಲಿಲ್ಲ. ಆ ಕೆಲಸ ಸಿಗಲಿಲ್ಲ. ಅದರ ನಂತರದ್ದು ಸಿಕ್ಕಿತು: ಬೆಂಗಳೂರಿನ ಹೊರವಲಯದ ಕಂಪನಿಯಲ್ಲಿ ತರಬೇತಿ ಹಂತದ ವಿಶ್ಲೇಷಕಿ, ಪಾಳಿಯ ಕೆಲಸ. ಎಂ.ಎಸ್ಸಿ. ಮಾಡಬೇಕೆಂದು ತಾಯಿಯ ಆಸೆ. ತಮ್ಮನ ಓದು ಮುಗಿಯುವವರೆಗೆ ದುಡಿದು ಆಮೇಲೆ ಸೇರುತ್ತೇನೆ ಎಂದು ಮಗಳು. ಇದರಲ್ಲಿ ನಾನು ಪಕ್ಷ ವಹಿಸಿಲ್ಲ. ಪ್ರವೇಶ ಪರೀಕ್ಷೆಯ ಓದನ್ನು ಮಾತ್ರ ಪೂರ್ತಿ ಬಿಡಬೇಡ ಎಂದಿದ್ದೇನೆ.

ಇಂಥದೇ ಭಾರ ಹೊತ್ತು ನಿದ್ದೆಗೆಟ್ಟವರು ಸಂದರ್ಶನದ ದಿನದವರೆಗೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು, ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ.

ಕೆಲಸ ಸಿಕ್ಕಿದ ಸುದ್ದಿ ಕೇಳಿ ತಂದೆ ಫೋನ್ ಮಾಡಿದ್ದರಂತೆ, ಒಮ್ಮೆ ನೋಡಬೇಕು ಎಂದು. ಸುಮಾ ಇನ್ನೂ ಉತ್ತರ ಕೊಟ್ಟಿಲ್ಲ. ಬೇಗ ತೀರ್ಮಾನಿಸಬೇಕೆಂಬ ಒತ್ತಾಯ ಯಾರದೂ ಇಲ್ಲ, ಬೇಡವೆನ್ನಿಸಿದರೆ ಬೇಡ ಎನ್ನಬಹುದು, ನೋಡಲೇಬೇಕೆನ್ನಿಸಿದರೆ ಅವ್ವನಿಗೆ ಮೊದಲೇ ತಿಳಿಸಿ ಹೋಗು ಎಂದು ಹೇಳಿದ್ದೇನೆ. ಮುಂದಿನ ಭೇಟಿಯಲ್ಲಿ ಈ ವಿಷಯವನ್ನೇ ಮಾತನಾಡಲಿದ್ದೇವೆ.