ಪ್ರತಿಕ್ರಿಯೆ: ಜೆಸ್ಸಿ ಅನ್ರೂ ಕ್ಯಾಲಿಫೋರ್ನಿಯಾದ ಖಜಾಂಚಿ ಆದದ್ದು 1974ರಲ್ಲೋ, 1975ರಲ್ಲೋ?

ಅಮೆರಿಕದ ರಾಜಕಾರಣಿ ಜೆಸ್ಸಿ ಅನ್ರೂ ಬಗ್ಗೆ ನೀವು ಬರೆಯುತ್ತಿರುವ ಲೇಖನಕ್ಕೆ, ಅವರು ಖಜಾಂಚಿ ಆದ ವರ್ಷ ಒಂದು ಕಡೆ 1974, ಇನ್ನೊಂದು ಕಡೆ 1975 ಅಂತ ಸಿಕ್ಕಿದೆ ಅಂದಿದ್ದೀರಿ. ಕಾರಣ ಬಹುಶಃ ಇಷ್ಟೇ: ಅವರು ಚುನಾವಣೆ ಗೆದ್ದದ್ದು 1974ರ ನವೆಂಬರ್‌ನಲ್ಲಿ, ಅಧಿಕಾರ ವಹಿಸಿಕೊಂಡದ್ದು 1975ರ ಜನವರಿಯಲ್ಲಿ. ನಿಮ್ಮ ಆಕರಗಳನ್ನು ನಾನು ನೋಡಿಲ್ಲ, ಆದರೆ ಅಮೆರಿಕದ ರಾಜಕಾರಣಿಗಳ ಬಗ್ಗೆ ಬರೆಯುವಾಗ ನಾನೂ ಇಲ್ಲೇ ಎಡವಿದ್ದೆ.

ಮೊದಲು ಪ್ರತಿ ಇಸವಿಯ ಪಕ್ಕ ‘ಗೆದ್ದದ್ದು’ ಅಥವಾ ‘ಕುರ್ಚಿಗೆ ಬಂದದ್ದು’ ಅಂತ ಗುರುತು ಹಾಕಿ. ಅದಕ್ಕೂ ಮೊದಲು ಅವರಿಗಿದ್ದ ಕ್ಯಾಲಿಫೋರ್ನಿಯಾ ವಿಧಾನಸಭೆಯ ಸ್ಪೀಕರ್ ಹುದ್ದೆಯಲ್ಲೂ ಇದೇ ಗೊಂದಲ ಇದೆ. 1968ರ ನವೆಂಬರ್‌ನಲ್ಲಿ ಅವರ ಡೆಮಾಕ್ರಟಿಕ್ ಪಕ್ಷ ಅಲ್ಲಿ ಬಹುಮತ ಕಳೆದುಕೊಂಡಿತು, ಅನ್ರೂ ಕುರ್ಚಿ ಬಿಟ್ಟದ್ದು 1969ರ ಜನವರಿಯಲ್ಲಿ.

ಆಮೇಲೆ ನಿಮ್ಮ ಲೇಖನದಲ್ಲಿರುವ ‘ಹಣಕಾಸು ಸಚಿವ’ ಅನ್ನುವುದನ್ನು ತೆಗೆದು ‘ರಾಜ್ಯ ಖಜಾಂಚಿ’ ಅಂತ ಹಾಕಿ. ಇದು ತುಂಬಾ ಮುಖ್ಯ. ಅಲ್ಲಿ ಖಜಾಂಚಿಯನ್ನು ಜನರೇ ನೇರವಾಗಿ ಆರಿಸುತ್ತಾರೆ. ರಾಜ್ಯದ ಬಾಂಡ್ (ಸಾಲಪತ್ರ) ಮಾರುವುದು, ಸರ್ಕಾರದ ಹಣ ಹೂಡುವುದು ಅವರ ಕೆಲಸ. ಬಜೆಟ್ ಮಂಡಿಸುವವರು ರಾಜ್ಯ ಸರ್ಕಾರದ ಮುಖ್ಯಸ್ಥರಾದ ಗವರ್ನರ್.

ನಡುವಿನ ಸೋಲುಗಳನ್ನು ದಯವಿಟ್ಟು ಬಿಡಬೇಡಿ. 1970ರಲ್ಲಿ ಗವರ್ನರ್ ಹುದ್ದೆಗೆ ನಿಂತು ಆಗಿನ ಗವರ್ನರ್ ರೊನಾಲ್ಡ್ ರೇಗನ್ ಎದುರು ಸೋತರು, 1973ರಲ್ಲಿ ಲಾಸ್ ಏಂಜಲೀಸ್ ಮೇಯರ್ ಚುನಾವಣೆಯಲ್ಲೂ ಸೋತರು. ಅಷ್ಟಾದ ಮೇಲೆ ಖಜಾಂಚಿ ಹುದ್ದೆಗೆ ಬಂದದ್ದು ಅಂತ ಓದುಗರಿಗೆ ಗೊತ್ತಾಗಬೇಕು, ಅಲ್ವಾ?

ಕೊನೆಗೆ ‘1987ರಲ್ಲಿ ನಿವೃತ್ತಿ’ ಅನ್ನುವ ಸಾಲು ತಿದ್ದಿ. ಆ ವರ್ಷದ ಆಗಸ್ಟ್‌ನಲ್ಲಿ ಅವರು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು.