ಮಳೆ ಬಂದಾಗ ಮಾತ್ರ ಸ್ತಬ್ಧವಾಗುವ ವಿಂಡೋ

ಸೋಮವಾರಪೇಟೆಯ ಮಿತ್ರರೇ, ಮಳೆಮಾಪಕದಿಂದ ಕಂಪ್ಯೂಟರಿಗೆ ಸಾಲುಗಳು ಬರುವ ಸೀರಿಯಲ್ ಪೋರ್ಟ್ ಓದುವ ಥ್ರೆಡ್‌ನಿಂದಲೇ (ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ಓಡುವ ಪ್ರತ್ಯೇಕ ಎಳೆ) ಟಿಕಿಂಟರ್ (ಪೈಥಾನಿನಲ್ಲಿ ವಿಂಡೋ ಮಾಡುವ ಸಲಕರಣೆ) ಲೇಬಲ್ ಬದಲಿಸುತ್ತಿರುವುದಾಗಿಯೂ, 'ನಿಲ್ಲಿಸು' ಗುಂಡಿ ಒತ್ತಿದರೆ ಕೆಲವು ದಿನ ಮಾತ್ರ ವಿಂಡೋ ಸ್ತಬ್ಧವಾಗುವುದಾಗಿಯೂ ಬರೆದಿದ್ದೀರಿ. ದಯವಿಟ್ಟು ಕೇಬಲ್ ಬದಲಿಸಲು ಹೊರಡಬೇಡಿ.

ಮಡಿಕೇರಿ ಹತ್ತಿರದ ನಮ್ಮ ತೋಟದಲ್ಲಿ, ಬೆಳಿಗ್ಗೆ 8.30ಕ್ಕೆ ಹಿಂದಿನ ದಿನದ ಮಳೆಯ ಇಂಚು-ಸೆಂಟಿನ (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ಲೆಕ್ಕ ಮುಗಿಸಲು ನಾನೂ ಅಂಥದೇ ಗುಂಡಿ ಒತ್ತುತ್ತಿದ್ದೆ. ಮಳೆ ಬಿಟ್ಟ ದಿನ ಎಲ್ಲವೂ ಸರಿ, ಜುಲೈ ಮಳೆ ಸುರಿಯುವಾಗ ವಿಂಡೋ ಸ್ತಬ್ಧ. ತೇವವೇ ಕಾರಣವೆಂದು ನಂಬಿ ಕೇಬಲ್ ಬದಲಿಸಿ, ಬೋರ್ಡ್ ಒಣಗಿಸಿ ಒಂದು ವಾರ ಕಳೆದೆ. ದೋಷವಿದ್ದದ್ದು ಗುಂಡಿಯ ಫಂಕ್ಷನ್‌ನಲ್ಲಿ ನಾನು ಬರೆದಿದ್ದ ಜಾಯಿನ್‌ನಲ್ಲಿ. ಜಾಯಿನ್ ಎಂದರೆ ಕಾಯುವ ಆಜ್ಞೆ: ಓದುವ ಥ್ರೆಡ್ ಮುಗಿಯಲೆಂದು, ವಿಂಡೋ ನಡೆಸುವ ಮುಖ್ಯ ಥ್ರೆಡ್ ಅಲ್ಲಿ ಕಾಯುತ್ತಿರುವಾಗಲೇ ಮಳೆನೀರು ತುಂಬಿದ ಮಾಪಕದ ಬಟ್ಟಲು ವಾಲಿ ಹೊಸ ಸಾಲು ಬಂದರೆ, ಓದುವ ಥ್ರೆಡ್ ಲೇಬಲ್ ಬದಲಿಸಿಕೊಡುವಂತೆ ಮುಖ್ಯ ಥ್ರೆಡ್ಡನ್ನು ಕೇಳಿ ತಾನೂ ಕಾಯುತ್ತ ನಿಲ್ಲುತ್ತದೆ. ಮಳೆಯಿಲ್ಲದ ದಿನ ಸಾಲೇ ಬರುವುದಿಲ್ಲವಾದ್ದರಿಂದ ಓದು ಟೈಮ್‌ಔಟ್ ಆಗಿ (ಕಾಯುವ ಗಡುವು ಮುಗಿದು) ಥ್ರೆಡ್ ತಾನಾಗಿ ಮುಗಿಯುತ್ತದೆ.

ಪರಿಹಾರ ಇದು: ಓದುವ ಥ್ರೆಡ್ ಅಂಕಿಯನ್ನು ಕ್ಯೂಗೆ (ಅಂಕಿಗಳು ಸರದಿಯಲ್ಲಿ ಕಾಯುವ ಪಟ್ಟಿ) ಹಾಕಲಿ, ಲೇಬಲ್ಲನ್ನು ಮುಟ್ಟುವುದು ಬೇಡ. ಮುಖ್ಯ ಥ್ರೆಡ್ಡಿನಲ್ಲಿ ಆಫ್ಟರ್ (ಹೇಳಿದಷ್ಟು ಹೊತ್ತಿನ ನಂತರ ಫಂಕ್ಷನ್ ಓಡಿಸುವ ಟಿಕಿಂಟರ್ ಕರೆ) ಮೂಲಕ 100 ಮಿಲಿಸೆಕೆಂಡಿಗೊಮ್ಮೆ, ಕಾಯದೇ ತೆಗೆಯುವ ಗೆಟ್‌ನೋವೇಟ್‌ನಿಂದ, ಕ್ಯೂ ಬರಿದಾಗುವವರೆಗೂ ತೆಗೆದು ಕೊನೆಯ ಅಂಕಿಯನ್ನಷ್ಟೇ ತೋರಿಸಿ. ಆಫ್ಟರ್‌ಗೆ ಫಂಕ್ಷನ್ನಿನ ಹೆಸರನ್ನು ಮಾತ್ರ ಕೊಡಬೇಕು. ಮುಂದೆ ಆವರಣ ಚಿಹ್ನೆ ಹಾಕಿದರೆ ಅದು ಆ ಕ್ಷಣವೇ ಓಡುತ್ತದೆ. ಗುಂಡಿಯಲ್ಲಿ ಓದುವ ಥ್ರೆಡ್ಡಿಗೆ ನಿಲ್ಲುವ ಸೂಚನೆ ಕೊಟ್ಟರೆ ಸಾಕು, ಜಾಯಿನ್ ತೆಗೆದುಹಾಕಿ.

ನಿಮ್ಮ ಪ್ರಶ್ನೆಗೆ ಉತ್ತರಿಸಿದ ಒಬ್ಬರು, ವಿಂಡೋ ಸ್ತಬ್ಧವಾಗದಿರಲು ಲೂಪಿನೊಳಗೆ ಅಪ್‌ಡೇಟ್ (ಬಾಕಿಯಿರುವ ಗುಂಡಿ ಒತ್ತುವಿಕೆಗಳನ್ನು ಆಗಲೇ ನಡೆಸಿಬಿಡುವ ಕರೆ) ಕರೆಯಲು ಹೇಳಿದ್ದಾರೆ. ಇಂಥ ಸಲಹೆಯನ್ನು ಹೊಸಬರಿಗೆ ಕೊಡಬಾರದು, ಏಕೆಂದರೆ ಒಂದು ಗುಂಡಿಯ ಕೆಲಸ ಮುಗಿಯುವ ಮೊದಲೇ ಅದೇ ಗುಂಡಿ ಮತ್ತೆ ಒತ್ತಲ್ಪಟ್ಟು ಲೆಕ್ಕ ಕೆಡಬಹುದು. ಟಿಕಿಂಟರ್ ಬಿಟ್ಟು ಕ್ಯೂಟಿ (Qt) ಎಂಬ ಇನ್ನೊಂದು ವಿಂಡೋ ಸಲಕರಣೆಗೆ ಹೋದರೂ ನಿಯಮ ಸಡಿಲವಾಗುವುದಿಲ್ಲ, ವಿಜೆಟ್‌ಗಳನ್ನು (ಲೇಬಲ್, ಗುಂಡಿಯಂಥ ಭಾಗಗಳು) ಮುಖ್ಯ ಥ್ರೆಡ್ಡಿನಿಂದಲೇ ಮುಟ್ಟಬೇಕು; ಆದರೆ ಅಲ್ಲಿ ಸಿಗ್ನಲ್‌ಗಳೇ ಸಂದೇಶವನ್ನು ಥ್ರೆಡ್ ದಾಟಿಸುವುದರಿಂದ ದೊಡ್ಡ ಕೆಲಸಕ್ಕೆ ನನಗೆ ಪೈಸೈಡ್ (ಪೈಥಾನಿನಲ್ಲಿ ಕ್ಯೂಟಿ ಬಳಸುವ ಲೈಬ್ರರಿ) ಮೆಚ್ಚುಗೆ. ಒಂದು ಮಾಪಕಕ್ಕಾದರೆ ಟಿಕಿಂಟರ್ ಧಾರಾಳವಾಯಿತು.

ಸೀರಿಯಲ್ ಪೋರ್ಟ್ ಓದುವ ಲೈಬ್ರರಿಯಾದ ಪೈಸೀರಿಯಲ್‌ನಲ್ಲಿ ಟೈಮ್‌ಔಟ್ ಕೊಡದಿದ್ದರೆ, ಒಂದು ಸಾಲು ಓದುವ ರೀಡ್‌ಲೈನ್ ಮುಂದಿನ ಮಳೆಯವರೆಗೂ ಕಾಯುತ್ತದೆ, ಆದ್ದರಿಂದ 1 ಸೆಕೆಂಡ್ ಇಡಿ. ಮ್ಯಾಟ್‌ಪ್ಲಾಟ್‌ಲಿಬ್ (ಗ್ರಾಫ್ ಬಿಡಿಸುವ ಲೈಬ್ರರಿ) ಗ್ರಾಫ್ ಇದ್ದರೆ ಪ್ರತಿ ಸಲ ಹೊಸದಾಗಿ ಬಿಡಿಸದೆ, ಇರುವ ಗೆರೆಗೆ ಸೆಟ್‌ಡೇಟಾದಿಂದ ಹೊಸ ಅಂಕಿ ಕೊಡಿ. ಹಾಗೆಯೇ ಕ್ಯೂಗೆ ಹಾಕುವ ಮೊದಲೇ ಥ್ರೆಡ್ ಪ್ರತಿ ಸಾಲನ್ನೂ ಫೈಲಿಗೆ ಬರೆಯಲಿ. ನಮ್ಮ ಕಡೆ ಮಳೆ ಜೋರಾದ ರಾತ್ರಿಯೇ ಕರೆಂಟೂ ಹೋಗುತ್ತದೆ.