ಉದ್ದನೆಯ ಸೇತುವೆ, ನೀರಿನಡಿಯ ಸುರಂಗ ಅಂದರೆ ಭಯ. ಮುಂಬೈಗೆ ಕಾರು ಓಡಿಸಿಕೊಂಡು ಹೋಗೋದು ಹೇಗೆ?

ವಿಜಯಪುರದಿಂದ ಮುಂಬೈಗೆ ಹೊರಟಿದ್ದೀರಿ. ಅಟಲ್ ಸೇತು, ಕೋಸ್ಟಲ್ ರೋಡಿನ ಸುರಂಗ ನೆನೆಸಿಕೊಂಡರೇ ಕೈ ಬೆವರುತ್ತದೆ ಎಂದು ಬರೆದಿದ್ದೀರಿ. ನಾನೂ ವಿಜಯಪುರದವನೇ. ನನ್ನ ಕೈ ಬೆವರಿದ್ದು ಅಷ್ಟು ದೂರ ಹೋಗಿ ಅಲ್ಲ, ಇಲ್ಲೇ ಕೊಲ್ಹಾರದಲ್ಲಿ.

ಕಾರು ಕಲಿತ ಹೊಸದು. ಆಗಸ್ಟ್ ತಿಂಗಳು, ಆಲಮಟ್ಟಿ ತುಂಬಿತ್ತು. ಬಾಗಲಕೋಟೆ ನವನಗರದ ಅಕ್ಕನ ಮನೆಗೆ ಹೊರಟಿದ್ದೆ. ಕೊಲ್ಹಾರ ದಾಟಿ ಸೇತುವೆ ಹತ್ತಿದರೆ ಎರಡೂ ಕಡೆ ಕೃಷ್ಣೆಯ ಹಿನ್ನೀರು, ಕೊರ್ತಿಯ ದಡ ಎಲ್ಲೋ ದೂರದಲ್ಲಿ. ಕಣ್ಣು ತಾನಾಗಿಯೇ ನೀರಿನ ಕಡೆ ಹೋಯಿತು. ಕಣ್ಣು ಹೋದ ಕಡೆ ಸ್ಟೀರಿಂಗೂ ಹೋಗುತ್ತದೆ ನೋಡಿ, ಗಾಡಿ ಅಂಚಿಗೆ ವಾಲಿತು. ಗಾಬರಿಯಾಗಿ ವೇಗ ಇಪ್ಪತ್ತಕ್ಕೆ ಇಳಿಸಿದೆ. ಹಿಂದಿನ ಲಾರಿಯವನು ಹಾರ್ನ್ ಮೇಲೆ ಹಾರ್ನ್. "ಏನ್ರೀ, ನಡಕೋತ ಹೋಗಿದ್ರ ಲಗೂ ಮುಟ್ತಿದ್ವಿ" ಅಂದಳು ಹೆಂಡತಿ.

ನಮ್ಮ ಓಣಿಯಲ್ಲಿ ಲಾರಿ ಓಡಿಸುವ ಕಾಕಾ ಒಬ್ಬರಿದ್ದಾರೆ. ಅವರ ಹತ್ತಿರ ಹೇಳಿಕೊಂಡೆ. "ನೀರ್ ಯಾಕ ನೋಡ್ತಿ ತಮ್ಮಾ? ಮುಂದಿನ ಗಾಡಿ ನೋಡು" ಅಂದರು. ಅಷ್ಟೇ. ಮೊದಲು ಬೇಸಿಗೆಯಲ್ಲಿ ಹೋಗಿ ಬಾ ಅಂತಲೂ ಹೇಳಿದರು. ಏಪ್ರಿಲ್‌ನಲ್ಲಿ ಹಿನ್ನೀರು ಸಾಕಷ್ಟು ಹಿಂದೆ ಸರಿದಿರುತ್ತದೆ. ಅದೇ ಸೇತುವೆ, ಅದೇ ಎತ್ತರ, ಭಯ ಮಾತ್ರ ಅರ್ಧ! ಆಮೇಲೆ ಮಳೆಗಾಲದಲ್ಲಿ ಮತ್ತೆ ಹೋದೆ. ಈಗ ಕೊರ್ತಿಗೆ ಹೋಗಿ ತಿರುಗಿಸಿಕೊಂಡು ಬಂದು, ಕೊಲ್ಹಾರದ ಗಡಿಗೆ ಮೊಸರು ಕಟ್ಟಿಸಿಕೊಂಡು ಮನೆಗೆ ಬರುತ್ತೇನೆ. ನೀವೂ ಮುಂಬೈಗಿಂತ ಮೊದಲು ಇದನ್ನು ಮಾಡಿ.

ಚಕ್ರದ ಕೆಳಗೆ ಟಕ್ ಟಕ್ ಅಂತ ಸದ್ದು ಬರುತ್ತದಲ್ವಾ, ಅದಕ್ಕೆ ಹೆದರಬೇಡಿ. ಬಿಸಿಲಿಗೆ ಕಾಂಕ್ರೀಟ್ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಅದಕ್ಕೇ ಅಲ್ಲಲ್ಲಿ ಸಂದು ಬಿಟ್ಟಿರುತ್ತಾರೆ. ದೊಡ್ಡ ಲಾರಿ ಹೋದಾಗ ಸೇತುವೆ ಸ್ವಲ್ಪ ಅದುರುವುದೂ ಸಹಜ. ನಿಜವಾಗಿ ಹುಷಾರಾಗಿರಬೇಕಾದ್ದು ಗಾಳಿಗೆ. ಲಾರಿಯ ಮರೆಯಿಂದ ಹೊರಗೆ ಬರುತ್ತಲೇ ಅಡ್ಡಗಾಳಿ ಕಾರನ್ನು ತಳ್ಳುತ್ತದೆ. ಎರಡೂ ಕೈ ಸ್ಟೀರಿಂಗ್ ಮೇಲಿರಲಿ.

ಅಟಲ್ ಸೇತು ಒಟ್ಟು 21.8 ಕಿ.ಮೀ., ಅದರಲ್ಲಿ ಸುಮಾರು 16.5 ಕಿ.ಮೀ. ಸಮುದ್ರದ ಮೇಲೆ. 2024ರ ಜನವರಿಯಲ್ಲಿ ಶುರುವಾಯಿತು. ಬೈಕು, ಆಟೋಗಳಿಗೆ ಪ್ರವೇಶ ಇಲ್ಲ, ಹೋಗುವ ಬರುವ ದಾರಿ ಬೇರೆ ಬೇರೆ. ಹಾಗಾಗಿ ಎದುರಿನಿಂದ ಬರುವ ಗಾಡಿಯ ಚಿಂತೆಯೇ ಇಲ್ಲ. ಎಂಬತ್ತರಲ್ಲಿ ಹೋದರೆ ಹದಿನೇಳು ನಿಮಿಷದೊಳಗೆ ಮುಗಿಯುತ್ತದೆ. ಫೋಟೋಗೆ ಅಂತ ಮಾತ್ರ ನಿಲ್ಲಿಸಬೇಡಿ. ಅದು ಅಪಾಯ, ದಂಡವೂ ಬೀಳಬಹುದು.

ಸುರಂಗ ಇನ್ನೂ ಸುಲಭ. ಅಲ್ಲಿ ನೀರೇ ಕಾಣಿಸುವುದಿಲ್ಲವಲ್ಲ! ಕೋಸ್ಟಲ್ ರೋಡಿನ ಜೋಡಿ ಸುರಂಗಗಳು ತಲಾ ಎರಡು ಕಿ.ಮೀ. ಚಿಲ್ಲರೆ. ಅರವತ್ತರಲ್ಲಿ ಹೋದರೂ ಎರಡೇ ನಿಮಿಷ. ಒಳಗೆ ಹೋಗುವ ಮುಂಚೆ ಕೂಲಿಂಗ್ ಗ್ಲಾಸ್ ತೆಗೆಯಿರಿ, ಹೆಡ್‌ಲೈಟ್ ಹಾಕಿ. ಬಿಸಿಲಿನಿಂದ ಒಳಗೆ ನುಗ್ಗಿದಾಗ ಕಣ್ಣು ಹೊಂದಿಕೊಳ್ಳಲು ಕೆಲವು ಸೆಕೆಂಡು ಬೇಕು. ಮುಂದಿನ ಗಾಡಿಯಿಂದ ಜಾಸ್ತಿ ಅಂತರ ಇಟ್ಟುಕೊಳ್ಳಿ.

ಇನ್ನೊಂದು ಮಾತು. ನೀರು ಸೇತುವೆಯ ಕೆಳಗಿದ್ದರೆ ಭಯ ಬೇಡ ಎಂದೆ. ಮೇಲೆ ಹರಿಯುತ್ತಿದ್ದರೆ ಹೆದರಲೇಬೇಕು. ಮಳೆಗಾಲದಲ್ಲಿ ಚಿಕ್ಕೋಡಿ ಕಡೆ ಕೃಷ್ಣೆ, ದೂಧಗಂಗೆಯ ತಗ್ಗು ಸೇತುವೆಗಳು ಮುಳುಗುತ್ತವೆ. ಅಲ್ಲಿ ಮೊಣಕಾಲುದ್ದದ ನೀರೂ ಕಾರನ್ನು ಕೊಚ್ಚಿಕೊಂಡು ಹೋಗಬಹುದು. ಸುಮ್ನೆ ವಾಪಸ್ ತಿರುಗಿಸಿ.

ಇಷ್ಟಾದರೂ ಕೈಕಾಲು ನಡುಗಿದರೆ ಜೊತೆಯಲ್ಲಿರುವವರಿಗೆ ಸ್ಟೀರಿಂಗ್ ಕೊಡಿ. ನಾಚಿಕೆ ಏನೂ ಇಲ್ಲ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಚೆಸಪೀಕ್ ಬೇ ಸೇತುವೆ ದಾಟಿಸಿಕೊಡಲು ದುಡ್ಡು ತಗೊಂಡು ನಿಮ್ಮದೇ ಕಾರು ಓಡಿಸುವವರಿದ್ದಾರೆ. ನಮ್ಮ ಮನೆಯಲ್ಲಿ ಆ ಕೆಲಸ ಹೆಂಡತಿಯದು. ದುಡ್ಡು ಕೇಳುವುದಿಲ್ಲ, ದಾರಿಯುದ್ದಕ್ಕೂ ಮಾತು ಮಾತ್ರ ಕೇಳಬೇಕು.